ಕರಡಗಿ ಹಿಡಿಯೋ ಕೈ

ನಾ ಹೊಟ್ಟಿಕಿಚ್ಚಿನ ಮನಷ್ಯಾ ಅಲ್ಲ. ಮಹಾರಾಷ್ಟ್ರದ ಗಡಿ ಊರ ನಮ್ಮ ನಿಲಂಗಾದಾಗ ಯಾರನ್ನರ ಕೇಳ್ರಿ, ಮರುಳಯ್ಯಾ ಹ್ಯಾಂಗಂತ. ಮಂದಿ ಮನಿ ಲಗ್ನ, ಮಂದಿ ಮನಿ ತೊಟ್ಟಲ, ಮಂದಿ ಮನಿ ಮಣ್ಣು, ಎಲ್ಲಾ ಮಾಡಿಸಿ ಕೊಡೋ ಜಂಗಮ ಅಯ್ಯಾ ನಾ. ಮಂದೀದು ನೋಡಿ ಹೊಟ್ಟಿ ಉರಕೊಂಡ್ರ ನನ್ನ ಕಸಬ ನಡೀತದೇನು? ಆದರ ಆ ಐತವಾರ ಸೂರ್ಯಕಾಂತನ ಮನ್ಯಾಗ ಟಿವಿ ಮುಂದ ಕುಂತಾಗ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದದ್ದು ಖರೇ. ಯಾರ ಮ್ಯಾಲಂತ ಕೇಳಿದ್ರ ನಿಮಗ ನಗು ಬರ್ತದ. ತಡೀರಿ, ಸಾವಕಾಶ ಹೇಳ್ತೀನಿ.

ಸೂರ್ಯಕಾಂತ ಈಗ ನಮ್ಮ ಬಜಾರದಾಗ ತೊಗರಿ, ಕಡ್ಲಿ ಅಡತಿ ಅಂಗಡಿ ನಡಸ್ತಾನ. ಹೊಟ್ಟಿ ಬಂದದ, ಮಂಡಿ ನೋಯ್ತಾವ. ಆದರ ಒಂದ ಕಾಲಕ್ಕ ಅಂವಾ ಪೈಲವಾನ, ಅದೂ ಅಂತಿಂಥಾ ಪೈಲವಾನ ಅಲ್ಲ. ಇಬ್ರೂ ಒಂದೇ ಓಣ್ಯಾಗ ಹುಟ್ಟಿದವರು. ನಾಕ ಮಂದಿ ಮುಂದ ನನಗ 'ಅಯ್ಯಾರೆ' ಅಂತಾನ, ಕಾಲ ಮುಟ್ಟತಾನ. ಇಬ್ರೇ ಇದ್ದಾಗ 'ಮರುಳ್ಯಾ' ಅಂತಾನ, ಡುಬ್ಬದ ಮ್ಯಾಲ ಗುದ್ದತಾನ. ಆ ಗುದ್ದಿನ ಸಲುವಾಗೇ ನಾ ದಿನಾ ಸಂಜಿಕಿ ಅವನ ಅಂಗಡಿಗಿ ಹೋಗ್ತೀನಿ ಅಂದ್ರ ಭೀ ನಡೀತದ.

ನಮ್ಮ ಜನದಾಗ ಕೊರಳಾಗ ಲಿಂಗ ಇರ್ತದ, ಬೆಳ್ಳಿ ಕರಡಗಿ ಒಳಗ. ಮೈಯಿಂದ ಇಳಸಂಗಿಲ್ಲ. ಜಳಕಾ ಮಾಡಾಗ ಇಲ್ಲ, ಮಲಗಾಗ ಇಲ್ಲ. ಕುಸ್ತಿ ಆಡೋರು ಏನ ಮಾಡಬೇಕು? ಕೊರಳಾಗ ಇದ್ರ ಎದುರಿನಂವಾ ದಾರಕ್ಕೇ ಕೈ ಹಾಕ್ತಾನ. ಉಳದವರು ಅರಿವ್ಯಾಗ ಸುತ್ತಿ ರಟ್ಟಿಗಿ ಕಟ್ಕೋತಿದ್ರು. ಸೂರ್ಯಾಗ ಅದು ಸರಿ ಬರಲಿಲ್ಲ, ಕೈ ಬಿಗೀತದ ಅಂದ. ಹದಿನಾರ ವರ್ಷದಂವಾ ಇದ್ದ ಆವಾಗ, ನಮ್ಮ ಮುತ್ಯಾನ ಮುಂದ ಬಂದು ಕುಂತು ಕೇಳಿದ, ಏನ ಮಾಡ್ಲಿರಿ ಅಂತ. ಮುತ್ಯಾ ವಿಚಾರ ಮಾಡಿ ಹೇಳಿದ: "ಜಂಗಮರ ಎಡಗೈ ಅಂಗೈ ಮ್ಯಾಲ ಇದ್ರ ನಿನ್ನ ಮೈಮ್ಯಾಲ ಇದ್ದಂಗೇ. ಆದರ ಹಿಡದವರು ನೆಲಕ್ಕ ಇಡಂಗಿಲ್ಲ, ಏನೂ ತಿನ್ನಂಗಿಲ್ಲ, ಬಾಯಿ ಬಿಡಂಗಿಲ್ಲ. ಕುಸ್ತಿ ಮುಗದ ಮ್ಯಾಲ ಹಿಡದ ಕೈಯಿಂದಲೇ ಅವನ ಕೈಗಿ ಹೋಗಬೇಕು." ಹಂಗಂದು ನನ್ನ ಕಡಿ ನೋಡಿದ. ನಾ ಹಿಗ್ಗಿ ಹೀರೇಕಾಯಿ ಆದೆ.

ಅವತ್ತಿಂದ ವಲಾಂಡಿ, ದೇವಣಿ, ಉದಗೀರ, ಬಸವಕಲ್ಯಾಣ, ಎಲ್ಲಿ ಕುಸ್ತಿ ಇದ್ರೂ ಸೂರ್ಯಾ ಒಳಗ, ನಾ ಕಟ್ಟಿ ಮ್ಯಾಲ. ಮದಲ ಅವನ ಹಣಿಗಿ ಭಸ್ಮಾ ಹಚ್ಚತಿದ್ದೆ. ಆಮ್ಯಾಲ ಅಂವಾ ಕರಡಗಿ ತಗದು ಕಣ್ಣಿಗೊತ್ಕೊಂಡು ನನ್ನ ಅಂಗೈ ಮ್ಯಾಲ ಇಡತಿದ್ದ. ನಾ ಕಡ್ಡಿ ಪೈಲವಾನ, ಗಾಳಿ ಬಂದ್ರ ಹಾರಿ ಹೋಗೋಂಥಾಂವಾ. ಖರೇ ಮಂದಿ ಅಂತಿದ್ರು, "ಸೂರ್ಯಾನ ಅರ್ಧಾ ಜೋರ ಆ ಅಯ್ಯಾನ ಅಂಗೈಯಾಗ ಅದ ನೋಡು" ಅಂತ. ಇದೊಂದ ಮಾತ ತಿಂದು ನಾ ಹದಿನೈದ ವರ್ಷ ಬದಕೀನಿ. ಮನ್ಯಾಗ ಜ್ವಾಳ ಇಲ್ಲಂದ್ರೂ ನಡೀತಿತ್ತು, ಆ ಮಾತ ಇತ್ತಲ್ಲ.

ಒಮ್ಮಿ ಮಾತ್ರ ತಪ್ಪಿತು. ಎಂಬತ್ತೇಳನೇ ಇಸ್ವಿ. ಬರಗಾಲ ಎಂಥಾದ್ದಂದ್ರ ದನಕ್ಕ ಮೇವ ಇಲ್ಲದ ಮಂದಿ ತಮ್ಮ ಎತ್ತ ಮೇವ ಹಾಕೋ ಛಾವಣಿಗಿ ಹೊಡಕೊಂಡ ಹೋಗಿ ಕಟ್ಟಿದ್ರು. ಆ ಛಾವಣಿ ಮೇವಿನ ಸಲುವಾಗಿ ಉಮರ್ಗಾದಾಗ ಒಂದ ಕುಸ್ತಿ ಶೋ ಇಟ್ರು. ನಮ್ಮ ಮಣ್ಣಿನ ಕುಸ್ತಿ ಅಲ್ಲ. ದೂರದಿಂದ ಒಂದ ಕಂಪನಿ ಬಂದಿತ್ತು, ಎತ್ತರಕ್ಕ ಹಲಗಿ ಬಡದು ಸುತ್ತ ಹಗ್ಗಾ ಕಟ್ಟಿ, ಮುಸುಕ ಹಾಕ್ಕೊಂಡ ಪೈಲವಾನರು, ಗಂಟಿ, ಪಂಚ, ಎಲ್ಲಾ ಥಾಟು. ಟಿಕೆಟ್ ಇಲ್ಲಂದ್ರ ಒಂದ ಪೆಂಡಿ ಜ್ವಾಳದ ಕಡಬಿ ತಂದ ಕೊಟ್ರೂ ಒಳಗ ಬಿಡತಿದ್ರು. ಬಾಯಂದಿರಿಗಿ ಒಂದ ಮಗ್ಗಲ ಬ್ಯಾರೆ ಕುರ್ಚಿ. ಕಂಪನಿಯ ಕರೀ ಮುಸುಕಿನ 'ಕಾಲಾ ನಕಾಬ'ನ ಎದುರಿಗಿ ನಮ್ಮ ಭಾಗದ ಗಂಡಸ ಯಾರು ಅಂದ್ರ ಸೂರ್ಯಕಾಂತ.

ಅದೇ ದಿನಾ ಮುಂಜಾನಿ ವಲಾಂಡ್ಯಾಗ ನಮ್ಮ ಒಕ್ಕಲ ಮನ್ಯಾಗ ಮುದುಕಿ ತೀರ್ಕೊಂಡ್ಳು. ಸತ್ತವರ ಮನಿಗಿ ಅಯ್ಯಾ ಬರಂಗಿಲ್ಲ ಅನ್ನಾಕ ಆಗ್ತದೇನು? ಹೋದೆ. ಮಣ್ಣ ಮುಗಿಸಿ ಬಸ್ ಹಿಡದು, ನಿಲಂಗಾದಾಗ ಇಳದು, ಮತ್ತೊಂದ ಬಸ್ ಹಿಡದು ಉಮರ್ಗಾ ಮುಟ್ಟೋದ್ರಾಗ ಹಗ್ಗಾ ಬಿಚ್ಚಾಕ ಹತ್ತಿದ್ರು. ಸೂರ್ಯಾ ಸೋತಿದ್ದ. ಒಂದ ಹುಬ್ಬ ಬಾತಿತ್ತು. "ಕರಡಗಿ ಏನ ಮಾಡ್ದ್ಯೋ?" ಅಂದೆ. "ರಟ್ಟಿಗಿ ಕಟ್ಕೊಂಡಿದ್ದೆ," ಅಂದ. ಖರೇ ಹೇಳ್ತೀನಿ, ದೇವರ ಮುಂದ ಭೀ ಇದನ್ನೇ ಹೇಳ್ತೀನಿ, ಅಂವಾ ಸೋತದ್ದಕ್ಕ ನನಗ ಒಳಗೊಳಗ ಖುಷಿ ಆತು. ನಾ ಇಲ್ಲದ್ದಕ್ಕ ಸೋತ. ಅದು ಅವನ ಕಡೀ ಕುಸ್ತಿ. ಮುಂದ ಅಂವಾ ಅಂಗಡ್ಯಾಗ ಕುಂತ, ನಾ ಆ ಖುಷಿ ಕಟ್ಕೊಂಡ ಇಪ್ಪತ್ತೊಂಬತ್ತ ವರ್ಷ ಓಡ್ಯಾಡಿದೆ.

ಈಗ ಲಾತೂರಕ್ಕ ರೈಲಿನ್ಯಾಗ ನೀರ ಬಂದ ವರ್ಷಕ್ಕ ಬರ್ರಿ. ನಮ್ಮ ಓಣ್ಯಾಗ ಹನ್ನೆರಡ ದಿನಕ್ಕೊಮ್ಮಿ ನಳ ಬರತಿತ್ತು, ಬಂದ್ರ ಬಂತು. ಅಂಥಾದ್ರಾಗ ಸೂರ್ಯಾಗ ಹರ್ನಿಯಾ ಹೊಂಟಿತು. ಉದಗೀರದಾಗ ಒಬ್ಬ ಡಾಕ್ಟರು, ಮಂಗಳವಾರ ಆಪರೇಷನ್ ಅಂತ ನಕ್ಕಿ ಮಾಡಿದ್ರು. ಅಂವಗ ಹೊಟ್ಟಿ ಕೊಯ್ಯೋದರ ಭೇವ ಇಲ್ಲ. ಒಂದೇ ಚಿಂತಿ. "ಮೈಮ್ಯಾಲ ದಾರ ಸೈತ ಇರಬಾರದಂತೋ ಮರುಳ್ಯಾ," ಅಂದ, "ಕರಡಗಿ?"

"ನಾ ಇಲ್ಲೇನು?" ಅಂದೆ.

ಅಂವಾ ನನ್ನ ಡುಬ್ಬಕ್ಕ ಒಂದ ಗುದ್ದಿದ. ನಾ ಅವತ್ತ ಮನಿಗಿ ಹ್ಯಾಂಗ ಬಂದೆ ಅಂದ್ರ ಕಾಲ ನೆಲಕ್ಕ ಹತ್ತಲಿಲ್ಲ. ಅರವತ್ತರ ಮ್ಯಾಲ ಮತ್ತೊಮ್ಮಿ ನನ್ನ ಅಂಗೈಗಿ ಕೆಲಸ ಬಂತಲ್ಲಪಾ ಅಂತ ಗುರಮ್ಮಗ ಹೇಳಿದೆ. ಗುರಮ್ಮ ಅಂದ್ರ ನಮ್ಮಾಕಿ. "ಛಲೋ ಆತು ಬಿಡ್ರಿ," ಅಂದು ಜ್ವಾಳ ಹಸನ ಮಾಡಕೋತ ಕುಂತಳು. ಮಾರಿ ಸೈತ ಎತ್ತಲಿಲ್ಲ.

ಎರಡ ದಿನಾ ಮದಲ, ಐತವಾರ, ಉಮರ್ಗಾದ ಖಂಡೆಪ್ಪ ಬಂದ. ಅವಂದು ಫೋಟೋ ಸ್ಟುಡಿಯೋ. ಆ ಕಾಲದಾಗ ನಮ್ಮ ಕಡಿ ವಿಡಿಯೋ ಕ್ಯಾಮೆರಾ ಇದ್ದ ಒಬ್ಬೇ ಒಬ್ಬಾಂವಾ. ಹಳೀ ಕ್ಯಾಸೆಟ್ ಹುಡಕಿ, ಅದರಾಗಿಂದು ಪೆನ್‌ಡ್ರೈವಿಗಿ ಹಾಕಿಸಿಕೊಂಡ ಬಂದಿದ್ದ. "ಆಪರೇಷನ್‌ಕ್ಕ ಹೋಗೋ ಪೈಲವಾನಗ ಜರಾ ಹುರುಪ ಬರ್ಲಿ," ಅಂದ. ಸೂರ್ಯಾನ ಹೆಣತಿ ಸುಮನಬಾಯಿ ಟಿವಿ ಮುಂದ ಚಾಪಿ ಹಾಸಿದಳು. ಗುರಮ್ಮನೂ ಬಂದಿದ್ಳು, ಆಕಿ ಒಳಗ ಚಾ ಸೋಸಾಕ ಹೋದಳು. "ಇದ್ಯಾಕಪಾ ಈಗ, ಬ್ಯಾಡ ಬಿಡು," ಅಂದ ಸೂರ್ಯಾ ಎರಡ ಸಲ. ನಾಚ್ಕೋತಾನ ಅಂತ ನಾ ತಿಳಕೊಂಡೆ. ಹಾಕಪಾ ಖಂಡೆಪ್ಪ, ಹಾಕು ಅಂದಾಂವಾ ನಾನೇ.

ಚಿತ್ರ ಮಸಕ ಮಸಕ ಇತ್ತು. ಧ್ವನಿ ಇಲ್ಲ, ಅದರ ಮ್ಯಾಲ ಖಂಡೆಪ್ಪ ಬ್ಯಾಂಡಬಾಜಾ ಹಾಕಿದ್ದ. ಮೇವಿನ ಪೆಂಡಿ ಹೊತ್ತ ಮಂದಿ ಒಳಗ ಬಂದ್ರು. ಒಬ್ಬ ಮುದುಕ ಪೆಂಡಿ ಕೊಟ್ಟು, ಮತ್ತ ಅದರಾಗಿಂದು ಎರಡ ದಂಟ ಕಿತ್ಕೊಂಡು ಬಗಲಾಗ ಇಟ್ಕೊಂಡ, ಎಲ್ಲಾರೂ ನಕ್ಕೆವು. ಹಲಗಿ ಬಾರಸೋರು ಬಂದ್ರು. ಕಾಲಾ ನಕಾಬ ಕೈ ಎತ್ತಿ ಸುತ್ತ ತಿರಗಿದ. ಆಮ್ಯಾಲ ಸೂರ್ಯಾ. ಅಬಬಬ, ಏನ ಮೈ! ಎದಿ ಏನು, ತೊಡಿ ಏನು! ಸುಮನಬಾಯಿ ಸೆರಗ ಬಾಯಿಗಿ ಹಿಡಕೊಂಡ್ಳು. ನನ್ನ ಗೆಳೆಯಾ ಅಂತ ನನಗ ಎದಿ ಉಬ್ಬಿತು.

ಅಂವಾ ಕೊರಳಿಗಿ ಕೈ ಹಾಕಿದ. ಕರಡಗಿ ತಗದ. ಕಣ್ಣಿಗೊತ್ಕೊಂಡ. ರಟ್ಟಿಗಿ ಕಟ್ಕೋತಾನ ಅಂತ ನಾ ನೋಡಾಕ ಹತ್ತೀನಿ, ಅಂವಾ ಹಗ್ಗದ ಸಂದ್ಯಾಗಿಂದ ಬಗ್ಗಿ, ಬಾಯಂದಿರ ಕುರ್ಚಿ ಮಗ್ಗಲಿಗಿ ಕೈ ಚಾಚಿದ. ಅಲ್ಲಿ ಒಬ್ಬಾಕಿ ಎದ್ದ ನಿಂತಳು. ಹಸರ ಇಲಕಲ್ ಸೀರಿ, ತಲಿ ಮ್ಯಾಲ ಸೆರಗು. ಎಡಗೈ ಮುಂದ ಮಾಡಿದಳು. ಅಂವಾ ಅಂಗೈ ಮ್ಯಾಲ ಇಟ್ಟು ಏನೋ ಅಂದ. ಆಕಿ ಹೂಂ ಅಂತ ತಲಿ ಹಾಕಿದಳು. ಆ ಸೀರಿ ನನಗ ಗುರತ ಇತ್ತು. ನಾನೇ ತಂದದ್ದು.

ಮುಂದಿಂದು ಕೇಳ್ರಿ. ಕುಸ್ತಿ ಸುರು ಆತು. ಕ್ಯಾಮೆರಾ ಹಿಡದ ಖಂಡೆಪ್ಪಗ ಪೈಲವಾನರಿಗಿಂತ ಆಕೀನೇ ಮಜಾ ಅನಿಸಿರಬೇಕು, ಘಡಿಘಡಿಗಿ ಆಕೀ ಮಾರಿಗಿ ಹೋಗ್ಯಾನ. ಆಕಿ ಕುರ್ಚಿ ಮ್ಯಾಲ ಹತ್ತಿ ನಿಂತಾಳ! ಎಡಗೈ ಎದಿ ಹತ್ರ ನೆಟ್ಟಗ, ಅಲುಗಾಡಂಗಿಲ್ಲ. ಬಲಗೈ ಮುಷ್ಟಿ ಗಾಳ್ಯಾಗ. ಸೆರಗ ಬಿದ್ದದ. ಬಾಯಿ ತಗದು ಒದರಾಕ ಹತ್ಯಾಳ. ನಕ್ಕೋತ ಒದರಾಕ ಹತ್ಯಾಳ. ನನ್ನ ಲಗ್ನ ಆಗಿ ಮೂವತ್ತೈದ ವರ್ಷ, ಆಕೀ ಬಾಯಿ ಅಷ್ಟ ದೊಡ್ಡದಾಗಿ ತಗದದ್ದು ನಾ ಒಮ್ಮೀನೂ ನೋಡಿಲ್ಲ.

ಕಾಲಾ ನಕಾಬ ಸೂರ್ಯಾನ್ನ ಎತ್ತಿ ಹಗ್ಗದ ಹೊರಗ ಒಗದ. ಅಂವಾ ಬಾಯಂದಿರ ಕುರ್ಚಿ ಮುಂದೇ ಧಪ್ ಅಂತ ಬಿದ್ದ. ಆಕಿ ಕುರ್ಚಿ ಇಳದಳು, ಬಗ್ಗಿದಳು, ಟೊಂಕದಾಗಿಂದ ಭಸ್ಮದ ಉಂಡಿ ತಗದು ಅವನ ಹಣಿಗಿ ಗಸಗಸ ತಿಕ್ಕಿದಳು. ಅಂವಾ ಕಣ್ಣ ತಗದು ನೋಡಿ ನಕ್ಕ. ಎದ್ದ. ಇಡೀ ಮಂಡಪ ಎದ್ದ ನಿಂತು ಕುಣೀತು.

ಅದು ನನ್ನ ಕೆಲಸ. ಭಸ್ಮಾ ಹಚ್ಚೋದು ನನ್ನ ಕೆಲಸ!

ಅಷ್ಟರಾಗ ಗುರಮ್ಮ ಚಾದ ತಾಟ ಹಿಡಕೊಂಡ ಹೊರಗ ಬಂದಳು. ಟಿವ್ಯಾಗ ತನ್ನ ಮಾರಿ ನೋಡಿದಳು. ತಾಟ ಹಿಡದೇ ಬಾಗಲದಾಗ ನಿಂತಳು. ಸುಮನಬಾಯಿ, "ಅಯ್ಯ ನಮ್ಮವ್ವಾ, ಅಮ್ಮಾರ, ನೀವೇನ್ರಿ ಇವರು!" ಅಂತ ಚಪ್ಪಾಳಿ ಹೊಡದು ನಕ್ಕಳು. ಯಾರಿಗೂ ಏನೂ ಅನಿಸಲಿಲ್ಲ ನೋಡ್ರಿ, ನಾ ಒಬ್ಬಾಂವ ಬಿಟ್ಟು. ಸೂರ್ಯಾ ನೆಲಾ ನೋಡಾಕ ಹತ್ತಿದ್ದ. ಖಂಡೆಪ್ಪ ಉರಿಯೋ ಬೆಂಕಿಗಿ ಎಣ್ಣಿ ಹಾಕಿದ: "ಏನ ಮಾಡಿದ್ರೂ ಪೈಲವಾನ ಸೋಲಬೇಕಂತ ಮದಲೇ ಠರಾವ್ ಆಗಿತ್ತಲ್ರಿ ಅಯ್ಯಾರೆ. ಎಲ್ಲಾ ನೂರಾ ಕುಸ್ತಿ, ಮಾತಾಡ್ಕೊಂಡ ಆಡಿದ್ದು. ಛಾವಣಿಗಿ ರೊಕ್ಕಾ ಆಗಬೇಕಿತ್ತು, ಅಷ್ಟೇ."

ಅಂದ್ರ ನಾ ಇಲ್ಲದ್ದಕ್ಕ ಸೋತಿದ್ದಿಲ್ಲ. ನಾ ಇದ್ರೂ ಸೋಲ್ತಿದ್ದ, ಇರದಿದ್ರೂ ಸೋಲ್ತಿದ್ದ. ನಾ ಇಪ್ಪತ್ತೊಂಬತ್ತ ವರ್ಷ ಯಾತರ ಮ್ಯಾಲ ಕುಂತಿದ್ದೆನೋ ಅದನ್ನ ಕೆಳಗಿಂದ ಎಳದಂಗ ಆತು. ಚಾ ಕುಡೀಲಾರದ ಎದ್ದ ಬಂದೆ.

ಮನ್ಯಾಗ ಬಾಗಲ ಹಾಕಿ ಸುರು ಮಾಡಿದೆ. "ನನಗ ಹೇಳಬೇಕಿತ್ತೋ ಇಲ್ಲೋ?"

"ಏನಂತ ಹೇಳಬೇಕಿತ್ತು?" ಅಂದಳು. "ಆವಾಗ ನಾ ಉಮರ್ಗಾದಾಗ ತವರಮನ್ಯಾಗ ಇದ್ದೆ. ಓಣಿ ಹೆಣಮಕ್ಕಳು ಹೊಂಟಿದ್ರು, ನಾನೂ ಹೋದೆ. ಅಯ್ಯಾನ ಹೆಣತಿ ಕುಸ್ತಿ ನೋಡಾಕ ಹೋಗಿದ್ಳಂತ ನಿಮ್ಮವ್ವಗ ಗೊತ್ತಾದ್ರ ನನ್ನ ಇಟ್ಕೋತಿದ್ರೇನು? ಸೂರ್ಯಕಾಂತ ಅಣ್ಣಾ ನನ್ನ ನೋಡಿದ್ರು. ಅಯ್ಯಾ ಬರೋತನಕ ಹಿಡೀರಿ ವೈನಿ ಅಂದ್ರು, ಹಿಡದೆ. ನನ್ನ ಬಯ್ತಾರಂತ ಅವರೂ ಯಾರ ಮುಂದ ಹೇಳಲಿಲ್ಲ. ಅಷ್ಟೇ."

"ಅಷ್ಟೇ? ಬಾಯಿ ಬಿಡಂಗಿಲ್ಲ ಅಂತ ನಮ್ಮ ಮುತ್ಯಾ ಹೇಳ್ಯಾನ. ನೀ ಬಾಯಿ ಹರಕೊಂಡು ಒದರೀದಿ!"

"ನನಗೇನ ಗೊತ್ತು ನಿಮ್ಮ ಮುತ್ಯಾನ ಕಾಯ್ದೆ? ಅವರ್ನ ಬಡಿಯಾಕ ಹತ್ತಿದ್ರು, ಒದರಿದೆ."

"ನನ್ನ ಸಲುವಾಗಿ ಎಂದರ ಹಂಗ ಒದರೀದೇನು?"

ಗುರಮ್ಮ ನನ್ನ ಮಾರಿ ನೋಡಿದಳು. "ನೀವ ಎಂದರ ಕುಸ್ತಿ ಆಡೀರೇನು?" ಅಂದಳು.

ಜಗಳದಾಗ ಆಕಿ ಯಾವತ್ತೂ ಸಣ್ಣ ಧ್ವನಿಲೇ ಮಾತಾಡ್ತಾಳ, ಅದೇ ನನಗ ಇನ್ನಾ ಉರಸ್ತದ. ನಾ ಸಂಶೆ ಪಡೋ ಮನಷ್ಯಾ ಅಲ್ಲ, ಅವರಿಬ್ರ ನಡುವ ಏನೂ ಇಲ್ಲಂತ ನನಗ ಗೊತ್ತು. ಏನರ ಇದ್ದಿದ್ರ ಭಾಳ ಹಗೂರ ಆಗ್ತಿತ್ತು, ಇಬ್ಬರಿಗೂ ಬೈದು ಸುಮ್ಮ ಕುಂಡ್ರತಿದ್ದೆ. ಇದು ಯಾವ ಲೆಕ್ಕಕ್ಕೂ ಬರಂಗಿಲ್ಲ. ನನ್ನ ಗೆಳೆಯಾಗ ನನ್ನ ಬದಲಿ ನನ್ನ ಹೆಣತಿ ನಡೀತಾಳ. ನನ್ನ ಹೆಣತಿಗಿ ನಾ ಇಲ್ಲದಾಗ ಅಷ್ಟು ನಗು ಬರ್ತದ. ಸೂರ್ಯಾನ ಮ್ಯಾಲ ಹೊಟ್ಟಿ ಉರೀತು, ಆಕೀ ಮ್ಯಾಲ ಹೊಟ್ಟಿ ಉರೀತು, ಆ ಹಸರ ಸೀರಿ ಮ್ಯಾಲ ಸೈತ ಉರೀತು.

"ಮಂಗಳವಾರ ಉದಗೀರಕ್ಕ ನೀ ಬರಬ್ಯಾಡ," ಅಂದೆ.

ಮಂಗಳವಾರ ನಸಿಕಿನ್ಯಾಗ ನಾ ಎದ್ದು, ಇದ್ದ ಒಂದ ತಂಬಿಗಿ ನೀರಾಗ ಮೈ ಒರಸ್ಕೊಂಡು, ಮಡಿ ಉಟ್ಕೊಂಡು ಸೂರ್ಯಾನ ಜೀಪಿನ ಹತ್ರ ಹೋದೆ. ಹಿಂದಿನ ಸೀಟಿನ್ಯಾಗ ಸುಮನಬಾಯಿ ಮಗ್ಗಲದಾಗ ಗುರಮ್ಮ ಕುಂತಿದ್ಳು. "ನಾನೇ ಎಳಕೊಂಡ ಬಂದೀನ್ರಿ ಅಯ್ಯಾರೆ, ನನಗ ಭೇವ ಆಗ್ತದ," ಅಂದಳು ಸುಮನಬಾಯಿ. ಹಾದಿ ತುಂಬಾ ನಾ ಡ್ರಾಯವರನ ಮಗ್ಗಲ ಕುಂತು ಒಣಗಿದ ಹೊಲಾ ನೋಡಕೋತ ಹೋದೆ. ದೇವಣ್ಯಾಗ ಒಮ್ಮಿ ಚಾ, ದವಾಖಾನಿ ಮುಂದ ಒಮ್ಮಿ ಚಾ. ಸಿಟ್ಟ ಬಂದಾಗ ನನಗ ಚಾ ಬೇಕು. ಮೈಯಾಗ ಶುಗರ್ ಅದ ಅನ್ನೋದು ಅವತ್ತ ನೆಪ್ಪೇ ಹಾರಿತ್ತು.

ದವಾಖಾನಿ ಮೂರನೇ ಮಾಳಗಿ ಮ್ಯಾಲ ಆಪರೇಷನ್ ಖೋಲಿ. ಸೂರ್ಯಾಗ ಹಸರ ಅಂಗಿ ಹಾಕಿ ಸ್ಟ್ರೆಚರ್ ಮ್ಯಾಲ ಮಲಗಿಸಿದ್ರು. ನರ್ಸ್ ಬಂದು ಅವನ ಕೊರಳ ನೋಡಿ, "ಕಾಕಾ, ಹೇ ಕಾಢಾ," ಅಂದಳು. ಇದು ತಗೀರಿ ಅಂತ.

ಸೂರ್ಯಾ ಕರಡಗಿ ತಗದ. ಕಣ್ಣಿಗೊತ್ಕೊಂಡ. ಒಂದ ಕಡಿ ನಾ ನಿಂತೀನಿ, ಒಂದ ಕಡಿ ಗುರಮ್ಮ. ನಾ ಎಡಗೈ ಚಾಚೀನಿ, ಆಕಿ ಎರಡೂ ಕೈ ಸೆರಗಿನಾಗ ಇಟ್ಕೊಂಡಾಳ. ಅಂವಾ ನನ್ನ ನೋಡಿದ, ಆಕೀನ ನೋಡಿದ. ಒಂದ ಗಳಿಗಿನೇ ಇರಬೇಕು. ಆದರ ನಾ ಆ ಗಳಿಗ್ಯಾಗ ಸತ್ತ ಹುಟ್ಟಿದೆ. ಆಮ್ಯಾಲ ನನ್ನ ಅಂಗೈ ಮ್ಯಾಲ ಇಟ್ಟ. ಇಟ್ಟು, "ವೈನಿ, ನೀವೂ ಇಲ್ಲೇ ಇರ್ರಿ," ಅಂದ. ಬಾಗಲ ಮುಚ್ಚಿತು.

ನೀವೂ ಅಂತ. 'ನೀವೂ' ಯಾಕ ಬೇಕಿತ್ತು?

ಇರಲಿ, ಕರಡಗಿ ನನ್ನ ಕೈಯಾಗ ಬಂತು. ನಾ ಗ್ವಾಡಿಗಿ ಬೆನ್ನ ಹಚ್ಚಿ ನೆಟ್ಟಗ ನಿಂತೆ. ಮದಲಿನ ತಾಸು ನನ್ನಷ್ಟ ಸುಖಿ ಉದಗೀರದಾಗ ಯಾರೂ ಇರಲಿಲ್ಲ. ಹೋಗಿ ಬರೋ ಮಂದಿ ನೋಡಿ ನಮಸ್ಕಾರ ಮಾಡ್ತಿದ್ರು. ಒಬ್ಬ ಮುದುಕ ಏನಂತ ಕೇಳಿದ, ನಾ ಬಾಯಿ ಬಿಡಲಿಲ್ಲ. ಗುರಮ್ಮ ಎದುರಿನ ಬಾಕಿನ ಮ್ಯಾಲ ಕುಂತು ಎಲ್ಲಾ ನೋಡಾಕ ಹತ್ತಿದ್ಳು. ನೋಡು, ಹಿಡಿಯೋದಂದ್ರ ಹಿಂಗ, ಅಂತ ನಾ ಮನಸಿನ್ಯಾಗ ಆಕಿಗಿ ಹೇಳಿದೆ.

ಎರಡನೇ ತಾಸಿಗಿ ಚಾ ತನ್ನ ಕೆಲಸ ಸುರು ಮಾಡಿತು. ಶುಗರ್ ಇದ್ದವರಿಗಿ ಗೊತ್ತದ, ಬಂತಂದ್ರ ಬಂತು, ತಡಿಯಂಗಿಲ್ಲ. ಒಂದ ಕಾಲ ಮ್ಯಾಲ ನಿಂತೆ, ಮತ್ತೊಂದ ಕಾಲ ಮ್ಯಾಲ ನಿಂತೆ. ಶಿವಾ ಶಿವಾ ಅಂತ ಒಳಗೇ ಜಪಾ ಮಾಡಿದೆ. ಸುಮನಬಾಯಿ ಔಷಧ ತರಾಕ ಕೆಳಗ ಹೋಗಿದ್ಳು. ಇದ್ದಿದ್ರೂ ಆಕೀ ಕೈಯಾಗ ಕೊಡಂಗಿಲ್ಲ, ಜಂಗಮರ ಕೈನೇ ಆಗಬೇಕು. ಹಣಿ ಮ್ಯಾಲ ಬೆವರ ಬಂತು.

ಗುರಮ್ಮ ಎದ್ದ ಬಂದಳು. "ಹೋಗಿ ಬರ್ರಿ. ನಾ ಹಿಡೀತೀನಿ."

ನಾ ತಲಿ ಅಲುಗಾಡಿಸಿದೆ.

"ಹಟಾ ಮಾಡಬ್ಯಾಡ್ರಿ. ಮಡಿ ಧೋತ್ರಾ ಉಟ್ಟೀರಿ, ನಾಕ ಮಂದ್ಯಾಗ ಮರ್ಯಾದಿ ಹೋಗ್ತದ."

ಮತ್ತ ತಲಿ ಅಲುಗಾಡಿಸಿದೆ. ಕಣ್ಣಾಗ ನೀರ ಬಂದಿತ್ತು, ಸಿಟ್ಟಿಗೋ, ತಡಕೊಂಡದ್ದಕ್ಕೋ ಗೊತ್ತಿಲ್ಲ. ಆಕಿ ಎಡಗೈ ಚಾಚಿದಳು. ಬಾಕಿನ ಮ್ಯಾಲ ಕುಂತ ಮಂದಿ ನೋಡಾಕ ಹತ್ತಿದ್ರು. ಇನ್ನ ಒಂದ ನಿಮಿಷ ನಿಂತ್ರ ಏನ ಆಗ್ತಿತ್ತಂತ ನನಗ ಗೊತ್ತಿತ್ತು. ಕೊಟ್ಟೆ. ಕೊಟ್ಟು ಓಡಿದೆ.

ಕೆಲಸ ಮುಗೀತು. ನಳಾ ತಿರವಿದೆ. ಖರ್ ಅಂತ ಗಾಳಿ ಬಂತು. ಮತ್ತೊಂದ ನಳ, ಅದೂ ಹಂಗೇ. ಬಕೇಟಿನ ತಳದಾಗ ಕೆಸರ. ಹೊರಗ ಹೋಗಿ ಬಂದ ಕೈ, ತೊಳೀಲಾರದ ಲಿಂಗ ಹ್ಯಾಂಗ ಮುಟ್ಟಲಿ? ಎರಡನೇ ಮಾಳಗಿಗಿ ಇಳದೆ, ಅಲ್ಲಿ ಭೀ ಇಲ್ಲ. ಮನಿಂದ ತಂದ ಬಾಟ್ಲಿ ಎಂದೋ ಖಾಲಿ ಆಗಿದ್ದವು. ಕ್ಯಾಂಟೀನದಂವಾ ಕೈ ತಿರವಿ ತೋರಿಸಿದ. ಗೇಟಿನ ಮುಂದ ಟ್ಯಾಂಕರ್ ನಿಂತಿತ್ತು, ಅದರ ಹಿಂದ ಕೊಡಾ ಹಿಡಕೊಂಡ ಹೆಣಮಕ್ಕಳ ಸಾಲ ರಸ್ತಾದತನಕ. "ಬಾಯಿ, ಏಕ್ ತಾಂಬ್ಯಾ ಪಾಣಿ," ಅಂತ ಕೇಳಿದೆ, ಒಂದ ತಂಬಿಗಿ ನೀರ ಕೊಡ್ರಿ ಅಂತ. "ರಾಂಗೇತ ಯಾ, ಮಹಾರಾಜ," ಅಂದಳು ಒಬ್ಬಾಕಿ. ಸಾಲಿನ್ಯಾಗ ಬರ್ರಿ ಅಂತ. ಅಲ್ಲಿ ಅಯ್ಯಾ, ಸ್ವಾಮಿ ಯಾರೂ ಇಲ್ಲ, ಎಲ್ಲಾರಿಗೂ ನೀರಡಿಕಿ.

ನಿಂತೆ. ನನ್ನ ಮುಂದ ಇನ್ನಾ ಹತ್ತ ಮಂದಿ ಇದ್ದಾಗ ಸುಮನಬಾಯಿ ಔಷಧದ ಚೀಲಾ ಹಿಡಕೊಂಡು ಮೆಟ್ಟಲ ಕಡಿ ಓಡಿದಳು. "ಅಯ್ಯಾರೆ, ಹೊರಗ ತರಾಕ ಹತ್ಯಾರಂತ!" ಅಂದಳು. ನಾ ಸಾಲ ಬಿಟ್ಟೆ. ಮೂರ ಮಾಳಗಿ ಮೆಟ್ಟಲ ಹತ್ತಾಗ ಉಸಿರ ಬಾಯಿಗಿ ಬಂತು. ಮತ್ತ ತಡಾ ಆತು, ಮತ್ತ ತಡಾ ಆತು ಅನ್ನೋದೊಂದೇ ತಲ್ಯಾಗ.

ಮ್ಯಾಲ ಬಂದ್ರ ಬಾಗಲ ತಗದಿತ್ತು. ಸೂರ್ಯಾನ ಸ್ಟ್ರೆಚರ್ ಹೊರಗ ಬಂದಿತ್ತು. ಮಾರಿ ಬೆಳ್ಳಗ ಆಗಿತ್ತು, ಕಣ್ಣ ಮುಚ್ಚಿದ್ದ, ತುಟಿ ಒಣಗಿದ್ದವು. ಗುರಮ್ಮ ಮಗ್ಗಲದಾಗ ನಿಂತಿದ್ಳು, ಎಡಗೈ ಎದಿ ಹತ್ರ, ಅಲುಗಾಡಂಗಿಲ್ಲ. ತುಟಿ ಬಿಗಿ ಹಿಡಕೊಂಡಿದ್ಳು. ನಮ್ಮ ಮುತ್ಯಾನ ಮಾತ ಈ ಸಲ ಪೂರಾ ಪಾಲಿಸ್ಯಾಳ.

"ಮರುಳ್ಯಾ," ಅಂದ ಸೂರ್ಯಾ. ಅಮಲಿನ್ಯಾಗ ನಾಲಗಿ ದಪ್ಪ ಆಗಿತ್ತು. ಕೈ ಮ್ಯಾಲ ಎತ್ತಿದ. "ಮರುಳ್ಯಾ, ಕೊಡು."

ಗುರಮ್ಮ ತಿರುಗಿ ನನ್ನ ನೋಡಿದಳು, ಬರ್ರಿ ಅಂತ ಕಣ್ಣಲೇ ಕರದಳು. ನಾ ಆರ ಹೆಜ್ಜಿ ದೂರ ನಿಂತು ಎರಡೂ ಅಂಗೈ ತೋರಿಸಿದೆ. ನೀರ ಸಿಗಲಿಲ್ಲ ಅಂತ ಆಕಿಗಿ ತಿಳೀತು. ಒಂದ ಗಳಿಗಿ ತಡದಳು. ಆಮ್ಯಾಲ ಕರಡಗಿ ಅವನ ಅಂಗೈ ಮ್ಯಾಲ ಇಟ್ಟು, ಬಿದ್ದೀತಂತ ಅವನ ಬೆರಳ ಒಂದೊಂದೇ ಮಡಚಿ, ಮ್ಯಾಲ ತನ್ನ ಕೈ ಮುಚ್ಚಿ ಹಿಡದಳು.

ಸೂರ್ಯಾ ಕಣ್ಣ ಮುಚ್ಚೇ ನಕ್ಕ. "ಎಷ್ಟ ಗಟ್ಟಿ ಹಿಡದಿಯೋ," ಅಂದ. "ಒಳಗ ಹೋಗಾಗ ಭಾಳ ಅಂಜಿಕಿ ಆಗಿತ್ತೋ ಮರುಳ್ಯಾ. ಈ ಕೈಯಾಗ ಅದ ಅಂತ ಮಲಗಿದೆ. ನೀನೇ ಹಿಡದಿದ್ದ್ಯಲ್ಲಾ, ಪೂರಾ?"

ಸುಮನಬಾಯಿ ಅಳಾಕ ಹತ್ತಿದ್ಳು. ಗುರಮ್ಮ ತಲಿ ಎತ್ತಲಿಲ್ಲ, ಕೈನೂ ತಗೀಲಿಲ್ಲ. ಈಗ ಹೇಳಬೇಕಿತ್ತು. ಅಲ್ಲೋ ಸೂರ್ಯಾ, ಗುರಮ್ಮ ಹಿಡದಾಳ, ಅದು ಆಕೀ ಕೈ, ಅಂತ. ಮಾತ ನಾಲಗಿ ಮ್ಯಾಲ ಬಂದಿತ್ತು, ಪ್ರಮಾಣ ಮಾಡಿ ಹೇಳ್ತೀನಿ. ಆದರ ಅಂವಾ ನನ್ನ ಹೆಸರ ಹಿಡದ ನಕ್ಕಿದ್ದ.

"ಹೂಂನೋ," ಅಂದೆ, ನಿಂತಲ್ಲಿಂದೇ. "ನಾನೇ. ಪೂರಾ."

ಅಂವಾ ತಲಿ ಆಡಿಸಿ ಮತ್ತ ನಿದ್ದಿಗಿ ಜಾರಿದ. ಗುರಮ್ಮ ಸಾವಕಾಶ ತನ್ನ ಕೈ ಬಿಡಿಸ್ಕೊಂಡು ಸೆರಗಿನಾಗ ಇಟ್ಟಳು. ಸಿಟ್ಟಿಗಿ ಬಂದಿದ್ರ ನಾ ಜಗಳಾ ಆಡ್ತಿದ್ದೆ, ಮಾತ ಬೆಳಸ್ತಿದ್ದೆ. ಆಕಿ ಸಿಟ್ಟಿಗಿ ಬರಲಿಲ್ಲ. ನನ್ನ ಮಗ್ಗಲಿಂದ ಹಾದು ಹೋಗಾಗ, "ಕೈ ತೊಳ್ಕೋರಿ ಹೋಗ್ರಿ," ಅಂದಳು, ಅಷ್ಟೇ. ಮೂವತ್ತ ವರ್ಷದಾಗ ಎರಡೇ ಸಲ ಆ ಕರಡಗಿ ಆಕೀ ಕೈಗಿ ಸಿಕ್ಕಿತ್ತು. ಮದಲಿಂದು ನಮ್ಮವ್ವನ ಅಂಜಿಕಿಗಿ ಆಕಿ ಬಚ್ಚಿಟ್ಟಳು. ಎರಡನೇದು ಆಕೀ ಕಣ್ಣ ಮುಂದೇ ನಾ ಕಸಗೊಂಡೆ.